ಮಹಾಮಾರಿ ಮತ್ತು ವಿಮಾ ಉದ್ಯಮ

ವಿಪತ್ತು ಎಲ್ಲರಿಗೂ ಒಮ್ಮೆಗೇ ಒದಗಲಾರದೆಂಬ ಗಣನೆಯೇ ವಿಮೆಗೆ ಆಧಾರವಾದುದರಿಂದ, ಊರೂರುಗಳನ್ನು ಏಕಕಾಲದಲ್ಲಿ ಆವರಿಸುವ ಮಹಾಮಾರಿಯು ಆ ಉದ್ಯಮದ ತಳಹದಿಯನ್ನೇ ಅಲುಗಿಸುತ್ತದೆ. ಮೈಸೂರು ಸಂಸ್ಥಾನವು 1891ರಲ್ಲಿ ತನ್ನ ನೌಕರರಿಗಾಗಿ ಆರಂಭಿಸಿದ, ಇಂದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯೆನಿಸಿರುವ ಜೀವವಿಮಾ ವ್ಯವಸ್ಥೆಯು ಏಳೇ ವರ್ಷಗಳಲ್ಲಿ ಬೆಂಗಳೂರಿನ ಪ್ಲೇಗನ್ನೂ, 1918ರಲ್ಲಿ ಇನ್‌ಫ್ಲುಯೆಂಜವನ್ನೂ ಕಂಡಿತು; ಆದರೆ ಆ ಕಾಲದಲ್ಲಿ ವಿಮೆ ಮಾಡಿಸಿದವರೇ ಅತ್ಯಲ್ಪರಾದುದರಿಂದ ಸಾವುನೋವಿನ ಹೊರೆಯು ಬಹುಪಾಲು ಕುಟುಂಬಗಳ ಮೇಲೆಯೇ ಬಿದ್ದಿತು.

ಕೋವಿಡ್ ರೋಗದಿಂದ ಭಾರತದಲ್ಲಿ ದಾಖಲಾದ ಪ್ರಥಮ ಮರಣವು 2020ರ ಮಾರ್ಚಿನಲ್ಲಿ ಕಲಬುರಗಿಯಲ್ಲಿ ಸಂಭವಿಸಿತು. ಅದೇ ತಿಂಗಳು ಉತ್ತರ ಕನ್ನಡದ ಭಟ್ಕಳದಲ್ಲಿಯೂ ರೋಗವು ಕಾಣಿಸಿಕೊಂಡಿತು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಗಲು ರಸ್ತೆಗಳಲ್ಲಿ ವಾಹನಗಳು ವಿರಳವಾಗಿ ಅಪಘಾತ ವಿಮೆಯ ಕ್ಲೇಮುಗಳು ಇಳಿದವು, ಪ್ರವಾಸ ವಿಮೆಗೆ ಗಿರಾಕಿಗಳೇ ಇಲ್ಲದಾದರು. ಆರೋಗ್ಯ ವಿಮೆಗೆ ಮಾತ್ರ ಹಿಂದೆಂದೂ ಇಲ್ಲದ ಬೇಡಿಕೆ ಹುಟ್ಟಿತು. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2020ರ ಜುಲೈಯಲ್ಲಿ ಬಂದ ‘ಕೊರೋನಾ ಕವಚ’ ಪಾಲಿಸಿಯು 50,000 ರೂಪಾಯಿಗಳಿಂದ 5 ಲಕ್ಷದವರೆಗೆ ರಕ್ಷಣೆ ನೀಡುತ್ತಿದ್ದು, ಮನೆಯಲ್ಲಿಯೇ ಪಡೆದ 14 ದಿನಗಳವರೆಗಿನ ಚಿಕಿತ್ಸೆಯನ್ನೂ ಒಳಗೊಂಡಿತ್ತು. ಕಠಿಣ ವ್ಯಾಧಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಿಗೆ ಧಾವಿಸಬೇಕಾದ ಉತ್ತರ ಕನ್ನಡ ಜಿಲ್ಲೆಯವರಿಗೆ ಅದು ಅಲ್ಪ ಉಪಕಾರವಲ್ಲ. 2021ರ ಎರಡನೆಯ ಅಲೆಯು ಜೀವವಿಮೆಯನ್ನು ತೀವ್ರವಾಗಿ ತಾಕಿತು: ಮರಣ ಪರಿಹಾರದ ಮೊತ್ತವು ಏರಿತು, ಪುನರ್ವಿಮಾ ಸಂಸ್ಥೆಗಳು ದರ ಹೆಚ್ಚಿಸಿದವು, ಅವಧಿ ವಿಮೆಯ ಕಂತು ದುಬಾರಿಯಾಯಿತು.

ಇಷ್ಟಾದರೂ ವಿಮಾ ಉದ್ಯಮವು ಕುಸಿಯಲಿಲ್ಲ. ಕುಸಿದುದು ವಿಮೆಯ ಪರಿಧಿಗೆ ಹೊರಗಿದ್ದ ಜೀವನೋಪಾಯ. ಕುಮಟಾ ತಾಲ್ಲೂಕಿನ ಗೋಕರ್ಣದ ಓಂ ಬೀಚಿನಲ್ಲಿ ಪ್ರವಾಸಿಗರನ್ನೇ ನಂಬಿದ್ದ ಖಾನಾವಳಿಗಳು, ಬಾಡಿಗೆಯ ಕೋಣೆಗಳು, ದೋಣಿಯವರು ಹಂಗಾಮು ಮುಗಿಯುವ ಮೊದಲೇ ಆದಾಯಶೂನ್ಯರಾದರು. ಮಾಡು ಹಾರಿಹೋದರೆ, ಬೆಂಕಿ ತಗುಲಿದರೆ ಪರಿಹಾರ ಕೊಡುವ ಪಾಲಿಸಿಯು, ಗೋಡೆಯೊಂದೂ ಬೀಳದೆ ಗಿರಾಕಿಗಳು ಬಾರದಿದ್ದುದನ್ನು ನಷ್ಟವೆಂದು ಎಣಿಸುವುದಿಲ್ಲ. ವಹಿವಾಟು ನಿಂತುದಕ್ಕೆ ಕೊಡುವ ವಿಮೆಯೂ ಸಾಮಾನ್ಯವಾಗಿ ಸ್ವತ್ತಿನ ಭೌತಿಕ ಹಾನಿಯನ್ನು ಅವಲಂಬಿಸಿದುದು. ಬ್ರಿಟನ್ನಿನಲ್ಲಿ ಕೆಲವು ಪಾಲಿಸಿಗಳಿಗೆ ರೋಗಸಂಬಂಧವಾದ ಷರತ್ತುಗಳಿದ್ದುದರಿಂದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2021ರ ಜನವರಿ 15ರಂದು ಬಹುಮಟ್ಟಿಗೆ ಪಾಲಿಸಿದಾರರ ಪರವಾಗಿ ತೀರ್ಪಿತ್ತಿತು. ಅಂತಹ ಪಾಲಿಸಿಯ ಹೆಸರನ್ನೇ ಕೇಳದ ಕರಾವಳಿಯ ಸಣ್ಣ ವ್ಯಾಪಾರಿಗೆ ನ್ಯಾಯಾಲಯದ ಬಾಗಿಲು ತಟ್ಟಲೂ ಕಾರಣವಿರಲಿಲ್ಲ. ಮಹಾಮಾರಿಯ ಆರ್ಥಿಕ ಪರಿಣಾಮವನ್ನು ವಿಮಾ ಕಂಪನಿಗಳ ಲಾಭನಷ್ಟದಿಂದ ಮಾತ್ರ ಅಳೆದರೆ ಈತನ ನಷ್ಟವು ಯಾವ ಪಟ್ಟಿಯಲ್ಲಿಯೂ ಕಾಣದು. ಈ ಲೋಪವು ಅತ್ಯಂತ ಶೋಚನೀಯವಾದುದು.

ಖಾಸಗಿ ಮೀಸಲು ನಿಧಿಯು ಇಂತಹ ಸರ್ವವ್ಯಾಪಿ ನಷ್ಟವನ್ನು ತಾನೊಂದೇ ಹೊರಲಾರದಾದುದರಿಂದ ರಾಜ್ಯಶಕ್ತಿಯ ಬೆಂಬಲ ಅನಿವಾರ್ಯ. ಆರೋಗ್ಯ ಕಾರ್ಯಕರ್ತರಿಗೆ ಕೇಂದ್ರ ಸರ್ಕಾರವು 50 ಲಕ್ಷ ರೂಪಾಯಿಗಳ ವಿಮೆಯನ್ನು ಒದಗಿಸಿದುದು ಈ ಬಗೆಯದು. ಮಹಾಮಾರಿಯ ಅಪಾಯಕ್ಕಾಗಿಯೇ ಸಾಮೂಹಿಕ ನಿಧಿಯೊಂದನ್ನು ರಚಿಸುವ ವಿಷಯವನ್ನು ಪರಿಶೀಲಿಸಲು ಪ್ರಾಧಿಕಾರವು 2020ರ ಜುಲೈಯಲ್ಲಿ ಕಾರ್ಯತಂಡವನ್ನು ನೇಮಿಸಿತು. ಸಣ್ಣ ಉದ್ಯಮಗಳ ಕೆಲಸಗಾರರ ವೇತನನಷ್ಟವೂ ಅದರ ಪರಿಶೀಲನೆಗೆ ಒಳಪಟ್ಟಿತ್ತು.