ಬಚ್ಚಲ ನೀರಿನ ದಾರಿ

ಕೆಲವು ದಿನಗಳ ಹಿಂದೆ ಪೇಟೆಯ ಅಂಗಡಿಯೊಂದರಿಂದ ಬಣ್ಣದ ಪೊಟ್ಟಣವೊಂದನ್ನು ಕೊಂಡು ತಂದೆ. ಅದರ ಮೇಲೆ ಹಸಿರು ಎಲೆಯ ಚಿತ್ರವಿತ್ತು. ಬಟ್ಟೆ ಒಗೆಯಲು, ಪಾತ್ರೆ ಬೆಳಗಲು, ನೆಲ ಒರೆಸಲು ಇದಕ್ಕಿಂತ ಪರಿಸರಸ್ನೇಹಿಯಾದ ವಸ್ತು ಇನ್ನೊಂದಿಲ್ಲವೆಂಬ ಪ್ರಶಸ್ತಿಯೂ ಇತ್ತು. ಬಿಚ್ಚಿ ನೋಡಿದರೆ ಒಳಗಿದ್ದುದು ಒಣಗಿದ ಅಂಟುವಾಳದ ಕಾಯಿ! ನಮ್ಮ ಹಿತ್ತಿಲಿನಲ್ಲಿ ತಾನಾಗಿ ಉದುರುತ್ತಿದ್ದ, ಬೀಜವನ್ನು ನಾವು ಹುಡುಗರು ಗೋಲಿಯಾಟಕ್ಕೆ ಆರಿಸಿಕೊಳ್ಳುತ್ತಿದ್ದ ಕಾಯಿ. ಅಜ್ಜಿ ಬದುಕಿದ್ದರೆ ಅದರ ಬೆಲೆ ಕೇಳಿ ನಕ್ಕಿರುತ್ತಿದ್ದರು. ನನಗೆ ಮಾತ್ರ ನಗುವಿನೊಡನೆ ಒಂದು ಪ್ರಶ್ನೆಯೂ ಹುಟ್ಟಿತು. ನಾವು ಬಿಟ್ಟು ಬಂದದ್ದು ಯಾವುದು, ಈಗ ಮರಳಿ ಹುಡುಕುತ್ತಿರುವುದು ಯಾವುದು?

ನನ್ನ ಬಾಲ್ಯದ ಮನೆಯಲ್ಲಿ ಶುಚಿತ್ವದ ಸಾಮಗ್ರಿಗಳಿಗೆ ಅಂಗಡಿಗೆ ಹೋಗಬೇಕಾದ ಪ್ರಮೇಯ ಕಡಿಮೆ. ಒಲೆಯ ಬೂದಿ ಎಣ್ಣೆಯ ಜಿಡ್ಡಿನ ಪಾತ್ರೆಗೆ, ಹಳೆಯ ಹುಣಸೆಹಣ್ಣು ತಾಮ್ರದ ಹಂಡೆಗೆ ಮತ್ತು ಹಿತ್ತಾಳೆಯ ದೀಪಕ್ಕೆ, ಸೀಗೆಪುಡಿ ತಲೆಗೆ, ಅಂಟುವಾಳ ರೇಷ್ಮೆ ಸೀರೆಗೆ ಮತ್ತು ಚಿನ್ನದ ಸರಕ್ಕೆ. ತೆಂಗಿನ ನಾರು ಎಲ್ಲಕ್ಕೂ ಬೇಕಾದ ಸಲಕರಣೆ. ಇವೆಲ್ಲವೂ ಹಿರಿಯರ ನಂಬಿಕೆಗಳಷ್ಟೇ ಅಲ್ಲ. ಇವುಗಳಲ್ಲಿ ರಸಾಯನಶಾಸ್ತ್ರವೇ ಅಡಗಿದೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಬಿಸಿನೀರಿನಲ್ಲಿ ಕರಗಿ ಜಿಡ್ಡನ್ನು ಸಡಿಲಿಸುತ್ತದೆ; ಬೂದಿಯ ಕಣಗಳು ಪಾತ್ರೆಯನ್ನು ಉಜ್ಜುತ್ತವೆ. ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಅಂಟುವಾಳದ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ದ್ರವ್ಯ ನೀರಿನಲ್ಲಿ ನೊರೆಯೆಬ್ಬಿಸಿ, ಕ್ಷಾರದ ಕಾಟವಿಲ್ಲದೆಯೇ ಕೊಳೆಯನ್ನು ಬಿಡಿಸುತ್ತದೆ. ರೇಷ್ಮೆಗೆ ಅದನ್ನೇ ಬಳಸುತ್ತಿದ್ದುದರ ಗುಟ್ಟು ಇದು.

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವಸ್ತುಶುದ್ಧಿಯ ಒಂದು ಪಟ್ಟಿಯೇ ಇದೆ. ರೇಷ್ಮೆಗೂ ಉಣ್ಣೆಗೂ ಸೌಳು ಮಣ್ಣು, ಕಂಬಳಿಗೆ ಅಂಟುವಾಳ, ನಯವಾದ ನಾರುಬಟ್ಟೆಗೆ ಬಿಲ್ವದ ಕಾಯಿ, ಅಗಸೆನಾರಿನ ಬಟ್ಟೆಗೆ ಬಿಳಿ ಸಾಸಿವೆ. ತಾಮ್ರ, ಕಂಚು, ತವರಗಳಿಗೆ ಕ್ಷಾರ, ಹುಳಿ ಮತ್ತು ನೀರು. ಸಂಸ್ಕೃತದಲ್ಲಿ ಅಂಟುವಾಳಕ್ಕೆ ಅರಿಷ್ಟ ಎಂಬಂತೆ ಫೇನಿಲ ಎಂಬ ಹೆಸರೂ ಇದೆ. ನೊರೆಯುಳ್ಳದ್ದು ಎಂದು ಅರ್ಥ. ಕೌಟಿಲ್ಯನಂತೂ ಅಗಸರಿಗಾಗಿ ನಿಯಮಗಳನ್ನೇ ಮಾಡಿದ್ದಾನೆ. ಬಟ್ಟೆಯನ್ನು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆಯೇ ಒಗೆಯಬೇಕು. ಒಗೆಯಲು ಬಂದ ಪರರ ಬಟ್ಟೆಯನ್ನು ತಾವು ಉಟ್ಟರೆ ದಂಡ ತೆರಬೇಕು. ಬಟ್ಟೆ ಕೊಟ್ಟವರ ದೂರುಗಳು ಎರಡು ಸಾವಿರ ವರ್ಷಗಳಿಂದ ಹೆಚ್ಚು ಬದಲಾಗಿಲ್ಲವೆಂದು ಇದರಿಂದ ತಿಳಿಯುತ್ತದೆ.

ಆದರೆ ಇಲ್ಲಿಗೇ ನಿಲ್ಲಿಸಿ, ಹಿಂದಿನದೆಲ್ಲ ಹೊನ್ನು ಎಂದು ಹಾಡಿಬಿಟ್ಟರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಬೂದಿ ನಿಸರ್ಗಕ್ಕೆ ಹಿತವಾದದ್ದು ನಿಜ. ಅಜ್ಜಿಯ ಅಂಗೈಗೆ ಹಿತವಾಗಿರಲಿಲ್ಲ. ಚಳಿಗಾಲದಲ್ಲಿ ಅವರ ಬೆರಳುಗಳು ಸೀಳು ಬಿಟ್ಟು ರಕ್ತ ಒಸರುತ್ತಿದ್ದುದನ್ನು ನಾನು ಕಂಡಿದ್ದೇನೆ. ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಂಡು ಮಲಗುವರು; ಬೆಳಗ್ಗೆ ಮತ್ತೆ ಅದೇ ಬೂದಿ, ಅದೇ ನಾರು.

ವಾರಕ್ಕೊಮ್ಮೆ ಮಡಿವಾಳಗಿತ್ತಿಯೊಬ್ಬಳು ಕತ್ತೆಯ ಮೇಲೆ ಗಂಟು ಹೇರಿಕೊಂಡು ಬರುತ್ತಿದ್ದಳು. ಆಕೆಯ ಮನೆಯವರು ಬಟ್ಟೆಯನ್ನು ಸೌಳು ಮಣ್ಣಿನ ನೀರಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸಿ, ಮುಂಜಾನೆ ಕೆರೆಯ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಯಾವ ಬಟ್ಟೆ ಯಾರ ಮನೆಯದೆಂದು ತಿಳಿಯಲು ಕರಿಗೇರಿನ ರಸದಿಂದ ಮೂಲೆಯಲ್ಲಿ ಗುರುತು ಹಾಕುವರು. ಆ ರಸ ಚರ್ಮಕ್ಕೆ ತಗುಲಿದರೆ ಹುಣ್ಣಾಗುತ್ತದೆ. ಇಷ್ಟೆಲ್ಲ ಪಟ್ಟು ಹಾಲಿನಂತೆ ಬೆಳ್ಳಗೆ ಮಾಡಿ ತಂದ ಪಂಚೆಯನ್ನು ಅಜ್ಜಿ ಮತ್ತೊಮ್ಮೆ ನೀರಿನಲ್ಲಿ ಅದ್ದಿ ಹಿಂಡಿಯೇ ಒಳಗೆ ಒಯ್ಯುತ್ತಿದ್ದರು. ಒಮ್ಮೆ ಆಕೆಯ ಎದುರಿಗೇ ನಾನು ಕೇಳಿದೆ:

“ಅಜ್ಜಿ, ಒಗೆದು ತಂದದ್ದನ್ನ ಮತ್ತೆ ಯಾಕೆ ನೆನೆಸ್ತೀರಿ?”

“ಸುಮ್ಮನಿರೋ, ಅದು ಮಡಿ. ಹಾಗೆಲ್ಲ ಕೇಳಬಾರದು.”

ಮಡಿವಾಳಗಿತ್ತಿ ಏನೂ ಆಡಲಿಲ್ಲ. ಮೈಲಿಗೆ ಬಟ್ಟೆಗಳನ್ನು ಎಣಿಸಿ ಗಂಟು ಕಟ್ಟಿಕೊಂಡು, “ಬರ್ತೀನಿ ಅಮ್ಮಾವ್ರೇ” ಎಂದು ಹೊರಟಳು. ಮಡಿಯನ್ನು ಮಾಡಿಕೊಡುವವಳು, ಹೆಸರಿನಲ್ಲಿಯೇ ಮಡಿಯನ್ನು ಹೊತ್ತವಳು, ಮಡಿಯ ಹೊರಗೇ ನಿಲ್ಲಬೇಕಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡುವ ಕಾಯಕವನ್ನು ಕೈಗೊಂಡ ಮಡಿವಾಳ ಮಾಚಿದೇವ ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದ. ಅವನ್ನು ಮೂರು ದಶಕಗಳ ಕಾಲ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಪ್ರತಿ ಸಲವೂ ಆಕೆಯ ಆ ಮೌನ ನೆನಪಾಗುತ್ತಿತ್ತು.

ಹೀಗಿರುವಾಗ ಸಾಬೂನು ಬಂದಿತು. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಶ್ರೀಗಂಧದ ಮಾರಾಟ ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ತಯಾರಿಕೆಯನ್ನು ಆರಂಭಿಸಿತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು. ಅದು ಮೈಗೆ ಹಚ್ಚುವ ಸಾಬೂನು. ಬಟ್ಟೆಯ ಚರಿತ್ರೆಯನ್ನು ತಿರುಗಿಸಿದ್ದು ಮಾರ್ಜಕದ ಪುಡಿ. 1959ರಲ್ಲಿ ಸರ್ಫ್ ನಮ್ಮ ದೇಶದ ಮಾರುಕಟ್ಟೆಗೆ ಬಂದಿತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಅಗ್ಗದ ನಿರ್ಮಾ ಪುಡಿಯನ್ನು ಮಾಡಿ ಸೈಕಲ್ಲಿನ ಮೇಲೆ ಮನೆಮನೆಗೆ ಮಾರತೊಡಗಿದರು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಗಷ್ಟಾಗುತ್ತದೆ; ಮಾರ್ಜಕಕ್ಕೆ ಆ ತೊಡಕಿಲ್ಲ. ಬಾವಿಯ ಗಡಸು ನೀರನ್ನೇ ನಂಬಿದ ಮನೆಗಳಿಗೆ ಇದು ದೊಡ್ಡ ಉಪಕಾರ. ನಮ್ಮ ಮನೆಗೆ ಮೊದಲ ಸಲ ಆ ಪುಡಿ ಬಂದಾಗ ನನ್ನ ತಾಯಿಯ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಯಾವ ಪರಿಸರವಾದದ ಹೆಸರಿನಲ್ಲಿಯೂ ಹಳಿಯಲಾರೆ.

ಆದರೆ ಕೈಯ ನೋವು ಕಡಿಮೆಯಾದಾಗ ಅದು ಮಾಯವಾಗಲಿಲ್ಲ, ನೀರಿಗೆ ವರ್ಗವಾಯಿತು. ಮೊದಲ ತಲೆಮಾರಿನ ಮಾರ್ಜಕಗಳು ನೀರಿನಲ್ಲಿ ಕೊಳೆಯುತ್ತಿರಲಿಲ್ಲ. 1950ರ ದಶಕದಲ್ಲಿ ಯೂರೋಪು, ಅಮೆರಿಕೆಗಳ ನದಿಗಳ ಮೇಲೆ ನೊರೆಯ ಗುಡ್ಡೆಗಳೆದ್ದವು. ಪಶ್ಚಿಮ ಜರ್ಮನಿ 1961ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. ಅಮೆರಿಕೆಯ ತಯಾರಕರು 1965ರಲ್ಲಿ ಕೊಳೆಯಬಲ್ಲ ಮಾರ್ಜಕಕ್ಕೆ ಬದಲಾದರು. ಉಳಿದದ್ದು ಫಾಸ್ಫೇಟಿನ ತೊಂದರೆ. ನೀರಿನ ಗಡಸನ್ನು ಕಳೆಯಲು ಪುಡಿಗೆ ಸೇರಿಸುವ ಫಾಸ್ಫೇಟು ಕೆರೆಯನ್ನು ಸೇರಿದಾಗ ಪಾಚಿಗೂ ಕಳೆಗೂ ಗೊಬ್ಬರವಾಗುತ್ತದೆ. ಅವು ಬೆಳೆದು ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯುವೆಲ್ಲ ಮುಗಿದು ಮೀನುಗಳು ಉಸಿರುಕಟ್ಟಿ ಸಾಯುತ್ತವೆ.

ಇದನ್ನು ಕಾಣಲು ದೂರದೇಶಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ನಗರದ ಮನೆಗಳ ಕೊಳಚೆ ನೀರು ವರ್ಷಗಟ್ಟಲೆ ಶುದ್ಧಿಯಾಗದೆ ಹರಿಯಿತು. 2015ರಲ್ಲಿ ಅಲ್ಲಿಯ ನೊರೆ ಗಾಳಿಗೆ ಹಾರಿ ದಾರಿಹೋಕರ ಮೇಲೆ ಬಿದ್ದುದನ್ನು, ಅದೇ ವರ್ಷದ ಮೇ ತಿಂಗಳಿನಲ್ಲಿ, ಮತ್ತೆ 2017 ಮತ್ತು 2018ರಲ್ಲಿ ಕೆರೆಗೆ ಬೆಂಕಿ ಹತ್ತಿದುದನ್ನು ನಾಡೆಲ್ಲ ನೋಡಿತು. ಕೆರೆಗೆ ಬೆಂಕಿ! ಅದು ಕವಿಯ ಉತ್ಪ್ರೇಕ್ಷಾಲಂಕಾರವಲ್ಲ, ಪತ್ರಿಕೆಯ ವರದಿ. ಆ ನೀರು ವರ್ತೂರು ಕೆರೆಯನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹರಿಯುತ್ತದೆ. ನಮ್ಮ ಅಂಗಿಯ ಬಿಳುಪಿಗಾಗಿ ನೆರೆನಾಡಿನ ರೈತನ ಗದ್ದೆ ಬೆಲೆ ತೆರುತ್ತದೆ.

ಹಾಗಾದರೆ ಮಾಡುವುದೇನು? ಬೂದಿಗೆ ಮರಳಿ ಎಂದು ನಾನು ಯಾವ ಗೃಹಿಣಿಗೂ ಹೇಳುವವನಲ್ಲ. ನಿಸರ್ಗದ್ದೆಲ್ಲ ನಿರಪಾಯವೆಂಬುದೂ ಭ್ರಮೆಯೇ. ಅಂಟುವಾಳದ ನೊರೆ ಬೇಗ ಕೊಳೆತು ಮಣ್ಣಾಗುತ್ತದೆ, ನಿಜ. ಆದರೆ ಅದೇ ಕಾಯಿಯನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೂ ಇತ್ತು. ನಿಂಬೆರಸವನ್ನೂ ಸೋಡಾಪುಡಿಯನ್ನೂ ಬೆರೆಸಿ ನೊರೆ ಉಕ್ಕಿದಾಗ ಕೆಲವರು ಹಿಗ್ಗುತ್ತಾರೆ. ಹುಳಿಯೂ ಕ್ಷಾರವೂ ಒಂದನ್ನೊಂದು ನುಂಗಿಕೊಳ್ಳುವುದರಿಂದ ಉಳಿಯುವುದು ಹೆಚ್ಚುಕಡಿಮೆ ಬರಿಯ ಉಪ್ಪುನೀರು. ಒಂದೊಂದನ್ನೂ ಅದರದರ ಕೆಲಸಕ್ಕೆ ಪ್ರತ್ಯೇಕವಾಗಿ ಬಳಸಿದರೆ ಫಲವುಂಟು: ಕಲೆಗಟ್ಟಿದ ನಲ್ಲಿಗೆ ಹುಳಿ, ಜಿಡ್ಡಿನ ಒಲೆಗಟ್ಟೆಗೆ ಸೋಡಾ, ರೇಷ್ಮೆ ಉಣ್ಣೆಗಳಿಗೆ ಅಂಟುವಾಳ. ದಿನದ ಬಟ್ಟೆಗೆ ಫಾಸ್ಫೇಟಿಲ್ಲದ ಪುಡಿ ಸಾಕು. ಅದೂ ಹಿಡಿಗಟ್ಟಲೆ ಬೇಡ, ಚಮಚದ ಲೆಕ್ಕದಲ್ಲಿ. ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರವೆಂಬುದು ಜಾಹೀರಾತು ಕಲಿಸಿದ ಪಾಠ, ವಿಜ್ಞಾನ ಕಲಿಸಿದ್ದಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಊರಿನ ಕೊಳಚೆ ನೀರನ್ನು ಶುದ್ಧಿಮಾಡದೆ ಕೆರೆಗೆ ಬಿಡಕೂಡದೆಂದು ನಗರಾಡಳಿತವನ್ನು ಕೇಳುವುದು. ಅಡುಗೆಮನೆಯ ವ್ರತದಿಂದ ಮಾತ್ರ ಕೆರೆ ತಿಳಿಯಾಗದು.

ನಮ್ಮ ಹಳೆಯ ಮನೆಯ ಬಚ್ಚಲ ನೀರು ಮೋರಿಗೆ ಹೋಗುತ್ತಿರಲಿಲ್ಲ. ಸಣ್ಣ ಕಾಲುವೆಯೊಂದರಲ್ಲಿ ಹರಿದು ಹಿತ್ತಿಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಅಜ್ಜಿ ದಿನವೂ ಅದನ್ನು ಕಣ್ಣಾರೆ ನೋಡುತ್ತಿದ್ದರು. ಏನು ಸುರಿದರೆ ಗಿಡ ಬಾಡೀತೆಂದು ಅವರಿಗೆ ತಿಳಿದಿತ್ತು. ಅವರಿಗೆ ಕಾಣದೆ ಹೋದದ್ದು, ಹಿತ್ತಿಲ ಬಾಗಿಲಿನ ಆಚೆ ಗಂಟು ಹೊತ್ತು ನಿಂತವಳು. ನಮಗೆ ಕಾಣದೆ ಹೋಗಿರುವುದು, ಕೊಳವೆಯ ಆ ತುದಿಯ ಕೆರೆ. ಶುಚಿತ್ವವೆಂದರೆ ಕೊಳೆಯನ್ನು ಕಣ್ಮರೆ ಮಾಡುವುದಲ್ಲ. ಅದು ಎಲ್ಲಿಗೆ ಹೋಯಿತು, ಯಾರ ಪಾಲಿಗೆ ಹೋಯಿತು ಎಂದು ಅರಿತಿರುವುದು. ಪೊಟ್ಟಣದ ಅಂಟುವಾಳದಲ್ಲಿ ಬೀಜ ಉಳಿದಿದ್ದವು ಎರಡು ಸಿಕ್ಕಿವೆ. ಮನೆಯ ಹಿಂದೆ ಗೇಣಗಲದ ಮಣ್ಣಿದೆ, ಅಲ್ಲಿ ಊರಿದ್ದೇನೆ.