ಪಿನ್ನುಗಳ ನಕ್ಷೆ ಯಾರ ಸೊತ್ತು?

1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿಗೆ ಬಂದಾಗ, ಪೆಟ್ರೋಲಿನ ಅಳತೆ ಕಾರ್ಬುರೇಟರಿನಿಂದ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ, ಅಂದರೆ ಇಸಿಯುವಿಗೆ, ದಾಟಿತು. ಅದರ ಯಾವ ಪಿನ್ನಿಗೆ ಯಾವ ಸೆನ್ಸರಿನ ತಂತಿ ಎಂಬ ನಕ್ಷೆಯಿಲ್ಲದೆ ಮೆಕ್ಯಾನಿಕ್ ಕೈಕಟ್ಟಿ ಕೂರಬೇಕಾಯಿತು. ಆ ನಕ್ಷೆಯೋ ಕಂಪನಿಗೊಂದು, ಮಾದರಿಗೊಂದು. ಈ ಗೊಂದಲವನ್ನು ತುಸು ತಗ್ಗಿಸಿದ್ದು ತಯಾರಕರ ಔದಾರ್ಯವಲ್ಲ, ಕಾನೂನು. ಹೊಗೆಯ ನಿಯಂತ್ರಣಕ್ಕಾಗಿ ಅಮೆರಿಕ 1996ರಿಂದ ಕಾರುಗಳಿಗೆ ಒಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು: 16 ಪಿನ್ನುಗಳ ಒಂದೇ ಆಕಾರದ ಕನೆಕ್ಟರ್, 16ನೆಯದರಲ್ಲಿ ಬ್ಯಾಟರಿ, 4 ಮತ್ತು 5ರಲ್ಲಿ ಅರ್ತ್. ಇಸಿಯುವಿನ ಸ್ವಂತ ಪಿನ್ನುಗಳು ಮಾತ್ರ ಇಂದಿಗೂ ಏಕರೂಪವಾಗಿಲ್ಲ. ನಕ್ಷೆ ಎಲ್ಲರ ಕೈಗೆ ಸಿಕ್ಕರೆ ಹೊಗೆಯ ವ್ಯವಸ್ಥೆಯನ್ನೇ ತಿರುಚುತ್ತಾರೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ, ತಿರುಚುವವರಿದ್ದಾರೆ. ಆದರೆ 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆಪರೀಕ್ಷೆಯ ವಂಚನೆ ನಡೆದದ್ದು ಬೀದಿಬದಿಯ ಗ್ಯಾರೇಜಿನಲ್ಲಲ್ಲ, ತಯಾರಕರದೇ ಮುಚ್ಚಿಟ್ಟ ಸಾಫ್ಟ್‌ವೇರಿನಲ್ಲಿ. ಕಾರು ಕೊಂಡವರಿಗೆ ಅದರ ವೈರಿಂಗ್ ನಕ್ಷೆಯೂ ಸಿಗಬೇಕು.