ಉಪ್ಪು ಕರಗಿತು, ದಿಬ್ಬ ಉಳಿಯಿತು



ಚರಿತ್ರೆ ಎಂದೊಡನೆ ನಮಗೆ ರಾಜರು, ಕೋಟೆಗಳು, ಯುದ್ಧಗಳು ನೆನಪಾಗುತ್ತವೆ. ಉಪ್ಪು ನೆನಪಾಗುವುದಿಲ್ಲ. ಆದರೆ ನಿಷ್ಠಾವಂತನನ್ನು ಉರ್ದುವಿನಲ್ಲಿ 'ನಮಕ್ ಹಲಾಲ್' ಎನ್ನುತ್ತೇವೆ; 'ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ' ಎಂದು ಕನ್ನಡದಲ್ಲಿ ಮಕ್ಕಳಿಗೆ ಹೇಳುತ್ತೇವೆ. ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನ ಬುಡಕ್ಕೂ ಉಪ್ಪು ಹಾಕುವ ರೂಢಿಯಿದೆ. ಹಾಗಾದರೆ ಹಿಂದೆ ಆ ಉಪ್ಪನ್ನು ತಯಾರಿಸಿದವರ ಕುರುಹು ಎಲ್ಲಿದೆ?

ಉಪ್ಪು ನೀರಿನಲ್ಲಿ ಕರಗಿಹೋಗುತ್ತದೆ. ನೆಲ ಅಗೆದರೆ ಅದು ಸಿಗುವುದಿಲ್ಲ. ತಯಾರಿಸಿದವರು ಬಿಸಾಡಿದ ಮಣ್ಣು ಸಿಗುತ್ತದೆ. ಇಂಗ್ಲೆಂಡಿನ ಲಿಂಕನ್‌ಶೈರ್ ಕರಾವಳಿಯ ಜೌಗು ನೆಲ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಮಧ್ಯಯುಗದ ಜನ ಉಬ್ಬರದ ನೀರು ಹಾಯ್ದ ಉಪ್ಪು ಮರಳನ್ನು ಕೆರೆದು, ತೊಳೆದು, ಬಸಿದ ನೀರನ್ನು ಕುದಿಸಿ ಉಪ್ಪು ತೆಗೆಯುತ್ತಿದ್ದರು. 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಈ ಉಪ್ಪಿನ ತಾಣಗಳ ಲೆಕ್ಕವಿದೆ. ತೊಳೆದು ಚೆಲ್ಲಿದ ಮರಳಿನ ದಿಬ್ಬಗಳು ಇಂದಿಗೂ ಅಲ್ಲಿ ಕಾಣುತ್ತವೆ.

ಸಮುದ್ರದಿಂದ ದೂರವಿರುವ ನಮ್ಮ ಮೈಸೂರು ಸೀಮೆಯಲ್ಲಿಯೂ ಇದೇ ರೀತಿಯ ಕೆಲಸ ನಡೆಯುತ್ತಿತ್ತು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಕಾಣುವ ಚೌಳು ಮಣ್ಣನ್ನು ಕೆರೆದು ತಂದು, ಗುಂಡಿಗಳಲ್ಲಿ ಹಾಕಿ ನೀರು ಸುರಿಯುತ್ತಿದ್ದರು. ಬಸಿದ ನೀರು ಆಳವಿಲ್ಲದ ಮಡಿಗಳಲ್ಲಿ ಬಿಸಿಲಿಗೆ ಒಣಗಿ ಉಪ್ಪಾಗುತ್ತಿತ್ತು. ಸತ್ವ ಹೋದ ಮಣ್ಣನ್ನು ಪಕ್ಕಕ್ಕೆ ಸುರಿದು ಸುರಿದು ದಿಬ್ಬವೇ ಬೆಳೆಯುತ್ತಿತ್ತು. ಈ ಕಸುಬಿನಿಂದಲೇ ಉಪ್ಪಾರ ಸಮುದಾಯಕ್ಕೆ ಆ ಹೆಸರು ಬಂದಿದೆ. ಉಪ್ಪು ತೆಗೆಯುವ ತಾಣಕ್ಕೆ 'ಮೋಳೆ' ಎನ್ನುತ್ತಿದ್ದರು; ಚಾಮರಾಜನಗರ ಜಿಲ್ಲೆಯಲ್ಲಿ ಉಪ್ಪಿನಮೋಳೆ ಎಂಬ ಊರೇ ಇದೆ. ವಿಜಯನಗರ ಕಾಲದ ಶಾಸನಗಳಲ್ಲಿ ಉಪ್ಪಿನ ಮೇಲಿನ ತೆರಿಗೆಯ ಉಲ್ಲೇಖವಿದೆ. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಮಣ್ಣಿನಿಂದ ಉಪ್ಪು ತೆಗೆಯುವುದನ್ನು ಬರೆದಿಟ್ಟಿದ್ದಾನೆ.

ಈ ಕಸುಬು ತಾನಾಗಿಯೇ ಸಾಯಲಿಲ್ಲ. ಉಪ್ಪಿನ ತೆರಿಗೆಯ ಆದಾಯ ಕಾಪಾಡಿಕೊಳ್ಳಲು ಇಂಗ್ಲಿಷರ ಸರ್ಕಾರ ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಮಣ್ಣಿನ ಉಪ್ಪನ್ನೇ ನಿಷೇಧಿಸಿತು. ಕರಾವಳಿಯ ಉಪ್ಪು ಒಳನಾಡಿಗೆ ಸುಲಭವಾಗಿ ಬರತೊಡಗಿದ ಮೇಲೆ ಉಳಿದೆಡೆಯೂ ಮೋಳೆಗಳು ಪಾಳು ಬಿದ್ದವು. ಉಪ್ಪಾರರಲ್ಲಿ ಅನೇಕರು ಮಣ್ಣಿನ ಕೆಲಸಕ್ಕೂ ಮನೆ ಕಟ್ಟುವ ಕೆಲಸಕ್ಕೂ ತಿರುಗಿದರು. ಅದೇ ತೆರಿಗೆಯ ವಿರುದ್ಧ 1930ರಲ್ಲಿ ಅಂಕೋಲಾದ ಜನ ಕಾನೂನು ಮುರಿದು ಉಪ್ಪು ತಯಾರಿಸಿದರು. ನಮ್ಮ ಕಿಬ್ಬನಹಳ್ಳಿ ಕ್ರಾಸಿನಿಂದ ಹೊನ್ನಾವರದ ಹೆದ್ದಾರಿ ಹಿಡಿದು ಹೋಗಿ, ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಗೋಕರ್ಣದ ಬಳಿ ಸಾಣಿಕಟ್ಟಾ ಸಿಗುತ್ತದೆ. ಅಲ್ಲಿಯ ಉಪ್ಪಿನ ಆಗರಗಳಲ್ಲಿ ಉಪ್ಪು ಹೇಗೆ ತಯಾರಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು.

ಪ್ರಿಯ ವಿದ್ಯಾರ್ಥಿಗಳೇ, ಅರಮನೆಗೆ ಕಾವಲುಗಾರರಿದ್ದಾರೆ, ಮಣ್ಣಿನ ದಿಬ್ಬಕ್ಕೆ ಯಾರೂ ಇಲ್ಲ. ಒಂದು ಟ್ರಾಕ್ಟರ್ ಬಂದರೆ ನೂರಾರು ವರ್ಷಗಳ ದುಡಿಮೆಯ ಗುರುತು ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ನೀವು ಹೋದ ಊರುಗಳಲ್ಲಿ ಉಪ್ಪು, ಚೌಳು, ಮೋಳೆ ಎಂಬ ಹೆಸರಿನ ಹೊಲ, ಹಳ್ಳ, ದಿಬ್ಬಗಳಿದ್ದರೆ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಗೆಯಬೇಡಿ, ನಿಮ್ಮ ಅಧ್ಯಾಪಕರಿಗೆ ತಿಳಿಸಿ. ಯಾರ ಉಪ್ಪನ್ನು ನಮ್ಮ ಹಿರಿಯರು ಉಂಡರೋ ಅವರ ನೆನಪು ಉಳಿಸುವುದೂ ಉಪ್ಪಿನ ಋಣ ತೀರಿಸುವ ಒಂದು ಬಗೆಯೇ ಅಲ್ಲವೇ?